ಹೃದಯಕ್ಕೆ ಇಳಿದ ಹಲ್ಲುನೋವು

ಮೊದಲು ಬಂದದ್ದು ಜ್ವರ. ಅದೂ ಸಣ್ಣದು.

ಠಾಣೆಯ ಕನ್ನಡ ಶಾಲೆಯೊಂದರಲ್ಲಿ ನಾನು ಟೀಚರ್. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಶಾಲೆ ಬಿಟ್ಟು ಲೋಕಲ್ ಹಿಡಿದು ಡೊಂಬಿವಲಿಗೆ ಇಳಿಯುವಷ್ಟರಲ್ಲಿ ಮೈ ಕಾದಿರುತ್ತಿತ್ತು. ಮನೆ ಮುಟ್ಟಿದರೆ ಚಳಿ. ಬೆಳಿಗ್ಗೆ ದಿಂಬೆಲ್ಲ ಬೆವರಿನಿಂದ ಒದ್ದೆ. ಆದರೂ ಡಬ್ಬಿ ಕಟ್ಟಿಕೊಂಡು ಹೊರಡುತ್ತಿದ್ದೆ. ಸಣ್ಣ ಜ್ವರಕ್ಕೆಲ್ಲ ಮಲಗಿದರೆ ಸಂಸಾರ ನಡೆಯುತ್ತದೆಯೇ?

ನಮ್ಮ ಓಣಿಯ ಡಾಕ್ಟರು ಟೈಫಾಯ್ಡ್ ಇರಬಹುದೆಂದು ಮಾತ್ರೆ ಕೊಟ್ಟರು. ಜ್ವರ ಬಿಟ್ಟಿತು. ಮಾತ್ರೆ ಮುಗಿದ ಮೇಲೆ ಮತ್ತೆ ಬಂತು. ಎದೆಯ ಎಕ್ಸ್‌ರೇ ತೆಗೆಸಿದೆವು, ಟಿ.ಬಿ. ಅಲ್ಲ ಎಂದು ತಿಳಿದು ಸಮಾಧಾನಪಟ್ಟೆವು. ಅಷ್ಟರಲ್ಲಿ ರವಿಕೆಗಳೆಲ್ಲ ಸಡಿಲಾಗಿದ್ದವು. ಊಟ ಸೇರುತ್ತಿರಲಿಲ್ಲ. ಒಂದು ದಿನ ಬೋರ್ಡಿನ ಮೇಲೆ ಬರೆಯುತ್ತಿದ್ದವಳು ನಿಲ್ಲಲಾಗದೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಮಕ್ಕಳು ಪಕ್ಕದ ವರ್ಗದ ಟೀಚರನ್ನು ಕರೆಯಲು ಓಡಿದರು. ಅವರ ಆ ಓಟ ನೋಡಿ ನನಗೆ ಭಯವಾಯಿತು.

ನನ್ನ ಗಂಡ ಕಡಲ ಹಿನ್ನೀರಿನ ಖಾಡಿಯ ಆಚೆ, ವಾಶಿಯಲ್ಲಿ ಹೊಸ ಕಟ್ಟಡಗಳ ಸೈಟಿನಲ್ಲಿ ಓವರ್‌ಸಿಯರ್. ಸುದ್ದಿ ತಿಳಿದು ಸಿಮೆಂಟಿನ ಧೂಳಿನ ಬಟ್ಟೆಯಲ್ಲೇ ಓಡಿ ಬಂದು ನನ್ನನ್ನು ಠಾಣೆಯ ಒಂದು ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ನೋಡಿದವರು ವಯಸ್ಸಾದ ಮರಾಠಿ ಡಾಕ್ಟರಬಾಯಿ. ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ನನ್ನ ಕೈಬೆರಳುಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಉಗುರುಗಳ ಕೆಳಗೆ ಕೂದಲೆಳೆಯಂಥ ಕೆಂಪು ಗೆರೆಗಳಿದ್ದವು. ನಾನು ಅವನ್ನು ನೋಡಿಯೇ ಇರಲಿಲ್ಲ.

ಚಿಕ್ಕವಳಿದ್ದಾಗ ಕೀಲುಗಳು ಬಾತು ಜ್ವರ ಬಂದಿತ್ತೇ ಎಂದು ಮರಾಠಿಯಲ್ಲಿ ಕೇಳಿದರು. ಬಂದಿತ್ತು. ಗದಗಿನಲ್ಲಿ, ಮೂರನೆಯ ಇಯತ್ತೆಯಲ್ಲಿದ್ದಾಗ, ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದೆ.

"ಆತಾ ತೋಂಡ್ ಉಘಡಾ," ಎಂದರು. ಈಗ ಬಾಯಿ ತೆಗೆಯಿರಿ.

ನನಗೆ ವಿಚಿತ್ರವೆನಿಸಿತು. ಎದೆ ಪರೀಕ್ಷಿಸುತ್ತಿದ್ದವರಿಗೆ ಬಾಯಲ್ಲೇನು ಕೆಲಸ? ಎರಡು ವರ್ಷದಿಂದ ಒಸಡಿನಲ್ಲಿ ರಕ್ತ ಬರುತ್ತಿದ್ದದ್ದು ನಿಜ. ದವಡೆ ಹಲ್ಲು ನೋಯುವಾಗ ಲವಂಗದೆಣ್ಣೆಯ ಹತ್ತಿ ಒತ್ತಿಕೊಂಡು ಪಾಠ ಮಾಡುತ್ತಿದ್ದೆ. ಹಾಗೆ ಮಾಡದವರು ನನ್ನ ಪರಿಚಯದಲ್ಲಿ ಯಾರೂ ಇರಲಿಲ್ಲ.

ಬ್ಲಡ್ ಕಲ್ಚರ್ ರಿಪೋರ್ಟ್ ಬಂದ ಮೇಲೆ ಡಾಕ್ಟರಬಾಯಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಬಾಲ್ಯದ ಆ ಜ್ವರ ಹೃದಯದ ಒಂದು ವಾಲ್ವಿಗೆ ಗಾಯದ ಕಲೆ ಬಿಟ್ಟು ಹೋಗಿತ್ತು. ಈಗ ಕೊಳೆತ ಒಸಡಿನಿಂದ ರಕ್ತಕ್ಕೆ ಇಳಿದ ಕೀಟಾಣುಗಳು ಆ ಕಲೆಯ ಮೇಲೆ ಮನೆ ಮಾಡಿದ್ದವು. ಅದರ ಹೆಸರು ಎಂಡೋಕಾರ್ಡೈಟಿಸ್.

"ಹಲ್ಲಿನಿಂದ ಹಾರ್ಟಿಗೆ?" ಇವರು ನಂಬದೆ ಕೇಳಿದರು.

"ಬಾಯಿ ಏನು ಬೇರೆ ಶರೀರದಲ್ಲಿದೆಯೇ?" ಎಂದರು ಡಾಕ್ಟರಬಾಯಿ.

ಪೆನಿಸಿಲಿನ್ ಶುರುವಾಯಿತು. ದಿನಕ್ಕೆ ಹಲವು ಸಲ, ವಾರಗಟ್ಟಲೆ. ಒಂದು ಕೈಯ ನರ ಗಟ್ಟಿಯಾದರೆ ಇನ್ನೊಂದು ಕೈ. ಸೂಜಿ ಕಂಡಾಗಲೆಲ್ಲ ಅಳು ಬರುತ್ತಿತ್ತು. ಆದರೆ ನನ್ನ ಮಗಳು ಸುಧಾಗೆ ಇನ್ನೂ ಒಂಬತ್ತು ವರ್ಷ. ಈ ರೋಗದಲ್ಲಿ ಬದುಕದವರೂ ಇದ್ದಾರೆಂದು ಪಕ್ಕದ ಮಂಚದ ಹೆಂಗಸು ಹೇಳಿದ ದಿನ, ಗೋಡೆಗೆ ಮುಖ ಮಾಡಿ ಮಲಗಿ ನಿರ್ಧರಿಸಿದೆ. ನಾನು ಮನೆಗೆ ಹೋಗುವವಳು. ಅಂದಿನಿಂದ ನರ್ಸ್ ಬಂದರೆ ನಾನೇ ಕೈ ಚಾಚುತ್ತಿದ್ದೆ.

ಜ್ವರ ಇಳಿಯಿತು. ಹಸಿವು ಮರಳಿತು. ಆಗ ಬಂದ ಹಲ್ಲಿನ ಡಾಕ್ಟರು ಆರು ಹಲ್ಲು ಕೀಳಬೇಕೆಂದರು. ಔಷಧ ರಕ್ತದಲ್ಲಿರುವಾಗಲೇ, ಇಲ್ಲಿಯೇ.

ಆರರಲ್ಲಿ ಎರಡು, ಎದುರಿನವು.

ಇವರ ಮುಖ ಸಪ್ಪಗಾಯಿತು. "ಮುಂದಿನವು ಎರಡು ಇರಲಿ ಬಿಡ್ರಿ ಡಾಕ್ಟರ್. ಟೀಚರ್ ಇದ್ದಾಳ, ದಿನಾ ಮಕ್ಕಳ ಮುಂದ ನಿಂತು ಮಾತಾಡಬೇಕು."

ಅವರ ಸಂಕಟ ನನಗೂ ಇತ್ತು. ಮೂವತ್ತನಾಲ್ಕಕ್ಕೇ ಬೊಚ್ಚುಬಾಯಿ. ಕನ್ನಡಿ ಕೇಳಿ ಪಡೆದು, ಆ ಎರಡು ಹಲ್ಲುಗಳನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಅಲ್ಲಾಡುತ್ತಿದ್ದವು. ಬುಡದಲ್ಲಿ ಕೀವು.

"ಎಲ್ಲಾ ತಗೀರಿ," ಎಂದೆ. "ಒಂದೂ ಬಿಡಬ್ಯಾಡ್ರಿ."

ಒಂದೇ ಸಲಕ್ಕಲ್ಲ, ಎರಡು ಸಲಕ್ಕೆ ತೆಗೆದರು. ಒಸಡು ಮಾಗಿದ ಮೇಲೆ ಹಲ್ಲಿನ ಸೆಟ್ಟು ಬಂತು. ಮೊದಲ ದಿನ "ಶಾಲೆ" ಎಂದರೆ ಶಿಳ್ಳೆ ಹೊಡೆದಂತಾಯಿತು. ಸುಧಾಳನ್ನು ಎದುರಿಗೆ ಕೂರಿಸಿಕೊಂಡು ಕನ್ನಡ ಪಾಠಪುಸ್ತಕ ಜೋರಾಗಿ ಓದತೊಡಗಿದೆ. ಅವಳು ಕಲಿಯುವುದು ಮರಾಠಿ ಶಾಲೆಯಲ್ಲಿ. ಕನ್ನಡ ತಿಳಿಯುತ್ತದೆ, ಆಡುವುದಿಲ್ಲ.

"ಅವ್ವಾ, ಚುಕಲಂ. ಪರತ್ ಮ್ಹಣ್," ಎಂದು ನನ್ನನ್ನೇ ತಿದ್ದುತ್ತಿದ್ದಳು. ತಪ್ಪಾಯ್ತು, ಮತ್ತೆ ಹೇಳು. ನಾನು ಮತ್ತೆ ಹೇಳುತ್ತಿದ್ದೆ. ಅವಳೂ ನಗುತ್ತ ಜೊತೆಗೂಡುತ್ತಿದ್ದಳು. ಅವಳ ಬಾಯಲ್ಲಿ ಅಷ್ಟು ಕನ್ನಡ ನಾನು ಕೇಳಿದ್ದು ಅದೇ ಮೊದಲು.

ಈಗ ಶಾಲೆಗೆ ಹೋಗುತ್ತಿದ್ದೇನೆ. ವಾಲ್ವು ಸ್ವಲ್ಪ ಸೋರುತ್ತದೆ, ಅದು ಹಾಗೆಯೇ ಇರುತ್ತದಂತೆ. ಇನ್ನು ಮುಂದೆ ಹಲ್ಲಿಗೆ ಏನು ಮಾಡಿಸಬೇಕಾದರೂ ಮೊದಲು ಆಂಟಿಬಯೋಟಿಕ್ ತೆಗೆದುಕೊಳ್ಳಬೇಕು. ದಣಿವಾದರೆ ಕೂತು ಪಾಠ ಮಾಡುತ್ತೇನೆ. ಜ್ವರ ಮತ್ತೆ ಬರಬಹುದೆಂಬ ಅಂಜಿಕೆ ಹೋಗಿಲ್ಲ. ಆದರೂ ಬೆಳಿಗ್ಗೆ ದಿಂಬು ಒಣಗಿರುವುದನ್ನು ಕೈಯಾಡಿಸಿ ನೋಡಿ, ಡಾಕ್ಟರಬಾಯಿಯನ್ನು ನೆನೆದು ಏಳುತ್ತೇನೆ.

ಹೋದ ರವಿವಾರ ಹಲ್ಲಿನ ಡಾಕ್ಟರಲ್ಲಿ ತೋರಿಸಲು ಹೋಗಿದ್ದೆವು. ನನ್ನದು ಮುಗಿದ ಮೇಲೆ ಇವರು ಚಪ್ಪಲಿ ಹುಡುಕತೊಡಗಿದರು.

"ರೀ, ಈಗ ನೀವು ಕೂಡ್ರಿ."

"ನನಗೇನ್ ಹಲ್ಲುಬ್ಯಾನಿ ಇಲ್ಲಲ್ಲ?"

"ಅದಕ್ಕಽ ಕೂಡ್ರಿ ಅಂದದ್ದು."

ಇವರು ಒಮ್ಮೆ ನನ್ನನ್ನು, ಒಮ್ಮೆ ಬಾಗಿಲನ್ನು ನೋಡಿದರು. ಆಮೇಲೆ ಕುರ್ಚಿ ಹತ್ತಿ, ಕಣ್ಣು ಮುಚ್ಚಿ, ದೊಡ್ಡದಾಗಿ ಬಾಯಿ ತೆರೆದರು.