ಏರು ಹತ್ತದ ಟ್ಯಾಂಕರ್

ಎಂಜಿನ್ ಪೂರ್ತಿ ಬಿಚ್ಚಿ ಕೆಲಸ ಮಾಡಿಸಿದ ವಾರದಲ್ಲೇ ಭಾವನ ನೀರಿನ ಟ್ಯಾಂಕರ್ ಕುಂದಲಹಳ್ಳಿ ಅಂಡರ್‌ಪಾಸಿನ ಏರಿನಲ್ಲಿ ಉಸಿರುಕಟ್ಟಿ ನಿಂತಿತು. ಖಾಲಿ ಇದ್ದಾಗ ಚೆನ್ನಾಗಿಯೇ ಓಡುತ್ತಿತ್ತು. ನೀರು ತುಂಬಿದರೆ ಮಾತ್ರ ಎಳೆಯುತ್ತಿರಲಿಲ್ಲ. ಹಿಂದೆ ಕರಿ ಹೊಗೆ, ಹೊಗೆಯ ಹಿಂದೆ ಹಾರ್ನ್ ಹೊಡೆಯುವ ಕ್ಯಾಬುಗಳು.

ಕೆಲಸ ಮಾಡಿದ್ದು ಕಾಡುಗೋಡಿಯಲ್ಲಿ ಶೆಡ್ ಇಟ್ಟಿರುವ ಭಾಯ್. ಭಾವ ಲಾರಿ ಓಡಿಸಲು ಕಲಿತ ಕಾಲದಿಂದಲೂ ಇಬ್ಬರೂ ಗೆಳೆಯರು. ಭಾಯ್ ಡೀಸೆಲ್ ಫಿಲ್ಟರ್ ಬದಲಿಸಿದರು, ಡೀಸೆಲ್ ಪಂಪಿನ ಟೈಮಿಂಗ್ ನೋಡಿದರು, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್‌ಗಳನ್ನು ಬಿಚ್ಚಿ ಪರೀಕ್ಷಿಸಿದರು. ಏನೂ ಬದಲಾಗಲಿಲ್ಲ. ಎಂಜಿನ್ನನ್ನೇ ಮತ್ತೆ ಬಿಚ್ಚಬೇಕು ಎಂದರು. ಭಾವ ಮನೆಗೆ ಬಂದು, ನಾಳೆ ಗಾಡಿಯನ್ನು ಬೇರೆ ಗ್ಯಾರೇಜಿಗೆ ಒಯ್ಯುತ್ತೇನೆ ಎಂದರು.

ಅನ್ನ ಬಡಿಸುತ್ತಿದ್ದ ಅಕ್ಕನ ಕೈ ನಿಂತಿತು. "ಬೇರೆ ಕಡೆ ಹೋದ್ರೆ ಗಾಡಿ ರಿಪೇರಿ ಆಗುತ್ತೆ ಬಿಡಿ. ದಿನಾ ಸಾಯಂಕಾಲ ನೀವೆಲ್ಲಿ ಹೋಗಿ ಕೂತ್ಕೋತೀರಿ?"

ಭಾವ ಸಾಯಂಕಾಲ ಕೂರುತ್ತಿದ್ದುದು ಭಾಯ್ ಶೆಡ್ಡಿನಲ್ಲೇ. ಇನ್ನೊಂದೇ ಸಲ ಭಾಯ್ ಹತ್ತಿರ ಹೋಗಿ ಎಂದು ಬೆಳಿಗ್ಗೆ ಅಕ್ಕ ಹೊರಡಿಸಿದಳು. ಫಿಸಿಕ್ಸ್ ಓದಿದವನೆಂಬ ನೆಪದಲ್ಲಿ ನನ್ನನ್ನೂ ಜೊತೆಗೆ ಕಳಿಸಿದಳು.

ಹೊಗೆ ಕಪ್ಪಗಿದೆ ಎಂದರೆ ಡೀಸೆಲ್ ಸಾಕಷ್ಟಿದೆ, ಗಾಳಿ ಸಾಲುತ್ತಿಲ್ಲ ಎಂದು ಮೊದಲು ಹೇಳಿದ್ದು ನಾನು. ಹಾಗೆಂದು ನನ್ನ ನೆನಪು. ಹೇಳಿದ್ದು ಭಾಯ್, ನೀನು ಫೋನ್ ನೋಡುತ್ತಿದ್ದೆ ಎನ್ನುತ್ತಾರೆ ಭಾವ. ನನ್ನನ್ನು ಜಾಣನನ್ನಾಗಿ ತೋರಿಸುವ ನೆನಪುಗಳ ಮೇಲೆ ನನಗೇ ಅನುಮಾನ. ಬಹುಶಃ ಭಾವ ಹೇಳುವುದೇ ಸರಿ. ಅಂತೂ ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪನ್ನು ಭಾಯ್ ಕಳಚಿ ಒಳಗೆ ಕೈ ಹಾಕಿದರು. ಪೈಪಿನ ಬಾಗಿನಿಂದ ಮುದ್ದೆಯಾದ ಬಟ್ಟೆಯೊಂದು ಹೊರಬಂತು. ನೀಲಿ ಚೌಕಳಿಯ ಲುಂಗಿಯ ತುಂಡು.

ಭಾಯ್ ಅದನ್ನು ಕೊಡವಿ, ಯಾರ ಮುಖವನ್ನೂ ನೋಡದೆ ಹೇಳಿದರು: "ನಾನೇ ಇಟ್ಟು ಮರ್ತ್‌ಬಿಟ್ಟೆ ಕಣೋ. ವಯಸ್ಸಾಯ್ತು."

"ಸುಳ್ಳು ಹೇಳ್ಬೇಡ, ಅದು ನನ್ ಲುಂಗಿ" ಎಂದರು ಭಾವ. ಎಂಜಿನ್ ಬಿಚ್ಚಿಟ್ಟ ದಿನಗಳಲ್ಲಿ ರಸ್ತೆಯ ಧೂಳು ಒಳಗೆ ಹೋದೀತೆಂದು ಹೆದರಿ, ಮಗುವಿನ ಕಿವಿಗೆ ಹತ್ತಿ ಇಡುವಂತೆ ಅವರೇ ಪೈಪಿನ ಬಾಯಿಗೆ ಬಟ್ಟೆ ತುರುಕಿದ್ದರಂತೆ.

"ಲುಂಗಿ ನಿಂದಾದ್ರೇನು, ಪೈಪ್ ಹಾಕ್ದೋನು ನಾನ್ ತಾನೆ? ಒಳಗೆ ನೋಡ್ಬೇಕಿತ್ತು."

ಭಾವ ಟೈರನ್ನು ಕಾಲಿನಿಂದ ಒತ್ತುತ್ತ ನಿಂತರು. "ಇವತ್ತು ಬೇರೆ ಗ್ಯಾರೇಜಿಗೆ ಹೋಗೋನಿದ್ದೆ."

"ಹೋಗ್ಬೇಕಿತ್ತು. ಲುಂಗಿ ಒಗೆದು, ಇಸ್ತ್ರಿ ಮಾಡಿ ಕೊಡೋರು."

ನೀರು ತುಂಬಿಸಿಕೊಂಡು ಮೂವರೂ ಹೊರಟೆವು. ಅಂಡರ್‌ಪಾಸಿನ ಏರನ್ನು ಟ್ಯಾಂಕರ್ ಸಲೀಸಾಗಿ ಹತ್ತಿತು. ಏರು ಮುಗಿದ ಮೇಲೂ ಭಾಯ್ ಇಳಿಯಲಿಲ್ಲ. ಅಪಾರ್ಟ್‌ಮೆಂಟಿನ ನೆಲದಡಿಯ ಸಂಪ್‌ಗೆ ನೀರು ಬಿಡುವಷ್ಟು ಹೊತ್ತೂ ಇಬ್ಬರೂ ಪಕ್ಕದಲ್ಲಿ ನಿಂತು, ತಪ್ಪು ಯಾರದೆಂದು ಜಗಳವಾಡುತ್ತಿದ್ದರು. ಇಬ್ಬರೂ ತಮ್ಮದೇ ಎನ್ನುತ್ತಿದ್ದರು.