ಹುಳದ ಮೇಡಂ ಮತ್ತು ತೊಳೆಯದ ಎಲೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾಲೇಜಿನ ಹಿಂಬದಿಯ ಉದ್ದ ಕೋಣೆಯಲ್ಲಿ ಟ್ಯೂಬ್‌ಲೈಟು ಕಣ್ಣು ಪಿಳುಕಿಸಿ ಹತ್ತಿಕೊಳ್ಳುತ್ತದೆ. ಕಪಾಟಿನ ತುಂಬ ಪ್ಲಾಸ್ಟಿಕ್ ಡಬ್ಬಿಗಳು, ಒಂದೊಂದರ ಬಾಯಿಗೂ ಬಲೆಬಟ್ಟೆ, ಮೇಲೊಂದು ರಬ್ಬರ್ ಬ್ಯಾಂಡು. ಕಿವಿಗೊಟ್ಟರೆ ಒಳಗಿಂದ ಚರಚರ ಸದ್ದು. “ನಮ್ಮ ಮಕ್ಕಳು ತಿಂಡಿ ತಿಂತಿದಾವೆ,” ಎನ್ನುತ್ತ ಮೇಡಂ ತೋಳು ಮಡಚಿ ಮೊದಲ ಡಬ್ಬಿ ಕೆಳಗಿಳಿಸುತ್ತಾರೆ. ಬಾಡಿದ ಎಲೆ ತೆಗೆದು, ಹಿಕ್ಕೆ ಒರೆಸಿ, ಹೊಸ ಎಲೆಯಿಟ್ಟು ಮುಚ್ಚಬೇಕು. ಮುನ್ನೂರು ಚಿಲ್ಲರೆ ಡಬ್ಬಿಗಳಿಗೂ ಇದೇ ಉಪಚಾರ. ಭಾನುವಾರವೂ ರಜೆಯಿಲ್ಲ, ಹುಳಕ್ಕೇನು ಕ್ಯಾಲೆಂಡರ್ ಗೊತ್ತೇ?

ಕಾವಲುಗಾರನಿಂದ ಪ್ರಿನ್ಸಿಪಾಲರವರೆಗೆ ಎಲ್ಲರಿಗೂ ಇವರು ಹುಳದ ಮೇಡಂ. ಡಾಕ್ಟರೇಟಿಗಿಂತ ಈ ಹೆಸರೇ ಹೆಚ್ಚು ಬಾಳಿಕೆ ಬಂದಿದೆ. ತರಕಾರಿ ಅಂಗಡಿಯಲ್ಲಿ ಎಲ್ಲರೂ ತೂತಿಲ್ಲದ ಕೋಸು ಆರಿಸಿದರೆ ಇವರು ತೂತು ಬಿದ್ದದ್ದನ್ನೇ ಹುಡುಕುತ್ತಾರೆ. ಅಂಗಡಿಯಾಕೆ ಮೊದಮೊದಲು ಇವರಿಗೆ ತಲೆ ಸರಿಯಿಲ್ಲ ಅಂದುಕೊಂಡಿದ್ದಳಂತೆ. ಈಗ ಹುಳುಕು ಕೋಸನ್ನು ಇವರಿಗೆಂದೇ ಎತ್ತಿಡುತ್ತಾಳೆ.

ಕಂಬಳಿಹುಳ ಗಿಡವನ್ನು ತಿನ್ನುತ್ತದೆ, ಅಷ್ಟು ನಮಗೆಲ್ಲ ಗೊತ್ತು. ಆ ಹುಳದ ಮೈಯೊಳಗೆ ಪುಟ್ಟ ಕಣಜವೋ ನೊಣವೋ ಮೊಟ್ಟೆಯಾಗಿ ಸೇರಿಕೊಂಡು, ಒಳಗೊಳಗೇ ಉಂಡು ಬೆಳೆದು, ಕೊನೆಗೆ ಉಂಡ ಮನೆಯನ್ನೇ ಮುಗಿಸಿ ಹೊರಬರುತ್ತದೆ. ಯಾವ ಗಿಡದ ಯಾವ ಹುಳದಲ್ಲಿ ಯಾರು ಅಡಗಿದ್ದಾರೆ ಎಂದು ಹೊರಗಿನಿಂದ ನೋಡಿದರೆ ತಿಳಿಯದು. ಹುಳವನ್ನು ಸಾಕಬೇಕು, ಕಾಯಬೇಕು. ಮೇಡಂ ತಮ್ಮ ಜೀವಮಾನವನ್ನೆಲ್ಲ ಹೀಗೆ ಕಾಯುವುದರಲ್ಲೇ ಕಳೆದಿದ್ದಾರೆ.

“ಚಿಟ್ಟೆ ಬರುತ್ತೆ ಅಂತ ಕಾದ್ರೆ ಕಣಜ ಬರುತ್ತೆ. ಕಣಜ ಬರುತ್ತೆ ಅಂತ ಕಾದ್ರೆ ಬೂಸ್ಟು ಹಿಡಿಯುತ್ತೆ,” ಎಂದು ನಗುತ್ತಾರೆ. “ಇವು ಇಲ್ದಿದ್ರೆ ಹೊಲದಲ್ಲಿ ನಮಗೆ ಅಂತ ಎಷ್ಟು ಎಲೆ ಉಳೀತಿತ್ತು ಹೇಳಿ? ಆದ್ರೆ ಪಾಪ, ಇವನ್ನ ಕೇಳೋರಿಲ್ಲ.”

ಕೇಳುವವರಿಲ್ಲದ ಕಷ್ಟ ಇವರಿಗೂ ಹೊಸದಲ್ಲ. ವರ್ಷಗಟ್ಟಲೆ ಹಂಗಾಮಿ ಹುದ್ದೆ. ಹುಳದ ರೋಮ ತಾಗಿ ಕೈತುಂಬ ದದ್ದು. ಮದುವೆಯಾದ ಹೊಸತರಲ್ಲಂತೂ ಅಡುಗೆಮನೆಯ ಶೆಲ್ಫೇ ಪ್ರಯೋಗಶಾಲೆ. ಒಂದು ದಿನ ಅತ್ತೆ ಸಕ್ಕರೆ ಡಬ್ಬಿ ಎಂದುಕೊಂಡು ಹುಳದ ಡಬ್ಬಿ ತೆರೆದರು. “ಮೆಲ್ಲಗೆ ಮುಚ್ಚಿ ವಾಪಸ್ ಇಟ್ರು ನೋಡಿ. ಆದ್ರೆ ಅವತ್ತಿಂದ ಪ್ರತಿ ಡಬ್ಬಿನೂ ಅಲ್ಲಾಡಿಸಿ ನೋಡೇ ತೆಗೀತಿದ್ರು.” ಗಂಡ ಟೈಲರ್. ಇಲ್ಲಿನ ಬಲೆಬಟ್ಟೆಯೆಲ್ಲ ಅವರ ಕತ್ತರಿಯದೇ. ಗಿರಾಕಿಗಳ ಬಟ್ಟೆ ತಡವಾದರೂ ಹುಳದ ಬಟ್ಟೆ ಎಂದೂ ತಡವಾಗಿಲ್ಲ.

ಆದರೂ ಮೇಡಂ ಮನಸ್ಸಿನಲ್ಲೊಂದು ಮುಳ್ಳಿದೆ. ಕಾಲೇಜಿನ ಬೇಲಿಗೆ ಹಬ್ಬಿದ ಕಾಡುಬಳ್ಳಿಯಲ್ಲಿ ಹಸಿರು ಪಟ್ಟೆಯ ಹುಳವೊಂದಿದೆ. ಮೊಟ್ಟೆಯೊಡೆದು ಬಂದ ಮರಿಗಳನ್ನೇ ಆರಿಸಿ ತಂದು, ಕಾಯಿಲೆ ತಾಗದಿರಲೆಂದು ಪ್ರತಿ ಎಲೆಯನ್ನೂ ನಲ್ಲಿಯಡಿ ತೊಳೆದು ತಿನ್ನಿಸಿ, ಮಡಿಯಿಂದ ಸಾಕಿದರು. ಕಣಜಗಳು ಬಂದವು; ನೊಣ ಒಂದೂ ಬರಲಿಲ್ಲ. ಈ ಹುಳಕ್ಕೆ ನೊಣದ ಕಾಟವೇ ಇಲ್ಲ ಎಂದು ತಮ್ಮ ಪುಸ್ತಕದಲ್ಲಿ ಬರೆದರು. ವಿದ್ಯಾರ್ಥಿಗಳು ಅದನ್ನೇ ಬಾಯಿಪಾಠ ಮಾಡಿ ಪರೀಕ್ಷೆ ಬರೆದರು.

ಆಮೇಲೊಂದು ಬೇಸಿಗೆ ನಲ್ಲಿಯಲ್ಲಿ ನೀರು ನಿಂತಿತು. ಬೇರೆ ದಾರಿಯಿಲ್ಲದೆ ಎಲೆಯನ್ನು ಹಾಗೇ ಹಾಕಿದರು. ಕೆಲವೇ ವಾರಗಳಲ್ಲಿ ಹುಳವೊಂದು ಸತ್ತು, ಪಕ್ಕದಲ್ಲಿ ಕಂದು ಗುಳಿಗೆಯಂಥ ಕೋಶ ಬಿದ್ದಿತ್ತು. ಅದರಿಂದ ನೊಣವೊಂದು ಅರ್ಧ ಹೊರಬಂದು, ರೆಕ್ಕೆ ಮುದುಡಿಕೊಂಡೇ ಸತ್ತಿತು. ಮೇಡಂ ಬೇಲಿಗೆ ಓಡಿ ಒಂದೆಲೆ ಕಿತ್ತು ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಎಲೆಯ ಮೇಲೆ ಕರಿಚುಕ್ಕಿಗಳು, ನೊಣದ ಮೊಟ್ಟೆಗಳು. ಆ ನೊಣ ಹುಳದ ಮೈಮುಟ್ಟುವುದೇ ಇಲ್ಲ. ಎಲೆಯ ಮೇಲೆ ಮೊಟ್ಟೆಯಿಟ್ಟು ಹೋಗುತ್ತದೆ, ಹುಳ ಎಲೆಯ ಜೊತೆ ಅದನ್ನೂ ನುಂಗುತ್ತದೆ.

“ಧೂಳು ಅಂತ ತಿಳ್ಕೊಂಡು ಅಷ್ಟು ವರ್ಷ ತೊಳೆದು ತೊಳೆದು ಚರಂಡಿಗೆ ಬಿಟ್ಟೆ,” ಎನ್ನುವಾಗ ಅವರ ನಗು ಸ್ವಲ್ಪ ಮಾಸುತ್ತದೆ. “ನನ್ನ ಅಚ್ಚುಕಟ್ಟೇ ನನಗೆ ಮುಳುವಾಯ್ತು.”

ಸತ್ತ ನೊಣವನ್ನು ದೂರದ ನೊಣತಜ್ಞರಿಗೆ ಕಳಿಸಿದರು. ರೆಕ್ಕೆಯ ನರಗಳು ಕಾಣದೆ ಇದು ಯಾವ ನೊಣವೆಂದು ಹೇಳಲಾಗದು, ಸರಿಯಾಗಿ ಬೆಳೆದದ್ದೊಂದನ್ನು ಕಳಿಸಿ ಎಂಬ ಉತ್ತರ ಬಂತು. ಅಂದಿನಿಂದ ತೊಳೆಯದ ಎಲೆಯನ್ನೇ ತಿನ್ನಿಸುತ್ತಿದ್ದಾರೆ. ಪತಂಗ ಬಂತು, ಕಣಜ ಬಂತು, ನೊಣ ಮಾತ್ರ ಪತ್ತೆಯಿಲ್ಲ. ಈ ತಿಂಗಳ ಕೊನೆಗೆ ಮೇಡಂ ನಿವೃತ್ತರಾಗುತ್ತಾರೆ, ಕೋಣೆ ಕಂಪ್ಯೂಟರ್ ವಿಭಾಗದ ಪಾಲಾಗುತ್ತದೆ. “ಬೇರೆಯವರು ನನ್ನ ತಪ್ಪು ತಿದ್ದಿದ್ರೆ ಬೇಜಾರೇನಿಲ್ಲ. ಆದ್ರೆ ಬರೆದೋಳು ನಾನು. ತಿದ್ದಿ ಹೋಗ್ಬೇಕು ಅಂತ ಆಸೆ, ಅಷ್ಟೇ.”

ಕಿಟಕಿಯ ಪಕ್ಕದ ಡಬ್ಬಿಯೊಂದರಲ್ಲಿ ಹೋದ ವಾರದಿಂದ ಒಂದು ಕಂದು ಕೋಶವಿದೆ. ಉಳಿದ ಡಬ್ಬಿಗಳೆಲ್ಲ ಮುಗಿದ ಮೇಲೆ, ಹೆದರಿಕೆಯಿಂದಲೋ ಏನೋ, ಕಟ್ಟಕಡೆಗೆ ಅದರತ್ತ ಹೋಗುತ್ತಾರೆ. ಬಗ್ಗಿದವರು ಬಗ್ಗಿದಂತೆಯೇ ನಿಲ್ಲುತ್ತಾರೆ. ಕೋಶದ ತುದಿ ಮುಚ್ಚಳದಂತೆ ತೆರೆದುಕೊಂಡಿದೆ. ಬೂದು ಬಣ್ಣದ ನೊಣವೊಂದು ಡಬ್ಬಿಯ ಗೋಡೆ ಹತ್ತುತ್ತಿದೆ. ಬೆನ್ನ ಮೇಲೆ ರೆಕ್ಕೆ ಇನ್ನೂ ಒದ್ದೆ ಬಟ್ಟೆಯ ಚೂರಿನಂತೆ ಮುದ್ದೆಯಾಗಿದೆ. ರೆಕ್ಕೆ ಅರಳುವ ಮುನ್ನ ಅಲುಗಿಸಬಾರದೆಂದು ಮೇಡಂ ಡಬ್ಬಿ ಮುಟ್ಟುವುದಿಲ್ಲ. ಸ್ಟೂಲು ಎಳೆದುಕೊಂಡು ಕೂರುತ್ತಾರೆ, ಎರಡು ಕೈಯನ್ನೂ ಮಡಿಲಲ್ಲಿ ಬಿಗಿಹಿಡಿದುಕೊಂಡು.

ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಫೋನು ಹಚ್ಚುತ್ತಾರೆ. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಲ್ಲುತ್ತದೆ.

“ಬಂತು ಕಣ್ರೀ,” ಎನ್ನುತ್ತಾರೆ.

ಟೈಲರ್ ಸಾಹೇಬರು ತೀರಾ ಸಹಜವಾಗಿ ಕೇಳುತ್ತಾರೆ: “ಗಂಡೋ, ಹೆಣ್ಣೋ?”

ಮೇಡಂ ಭೂತಗನ್ನಡಿ ಹಿಡಿದು ನೊಣದ ಎರಡು ಕಣ್ಣುಗಳ ನಡುವಿನ ಅಂತರ ನೋಡುತ್ತಾರೆ; ಹೆಣ್ಣಿಗಾದರೆ ಅದು ಅಗಲ. ಮತ್ತೊಮ್ಮೆ ನೋಡುತ್ತಾರೆ.

“ಹೆಣ್ಣು. ಎರಡು ರೆಕ್ಕೆನೂ ಸರಿಯಾಗಿದೆ.”