ಕಿರುಬೆರಳಿನ ಸಾಕ್ಷಿ

ನಾನು ಯಾರನ್ನೂ ಬೇಗ ನಂಬುವವಳಲ್ಲ. ನಂಬಿದವರು ಎಷ್ಟು ಉದ್ಧಾರವಾದರು ಎಂಬುದನ್ನೂ ನೋಡಿದ್ದೇನೆ. ಅಕ್ಕಸಾಲಿಗರ ಮನೆಯಲ್ಲಿ ಹುಟ್ಟಿದವಳಿಗೆ ಇದನ್ನು ಬೇರೆ ಯಾರೂ ಕಲಿಸಿಕೊಡಬೇಕಾಗಿಲ್ಲ. ನಾಗಮಂಗಲದ ನಮ್ಮ ಜಗಲಿಗೆ ಒಂದು ಜೊತೆ ಓಲೆ ಮಾಡಿಸಲು ಬಂದವರು, ತಮ್ಮ ಚಿನ್ನ ಕರಗಿ ಓಲೆಯಾಗಿ ಕೈಗೆ ಬರುವವರೆಗೂ ಅಲ್ಲಿಂದ ಕದಲುತ್ತಿರಲಿಲ್ಲ. ನೀರು ಕುಡಿಯಲು ಏಳಬೇಕಾದರೂ ತಮ್ಮ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಿಯೇ ಏಳುತ್ತಿದ್ದರು. ಅವರು ನಮ್ಮ ಕೈ ನೋಡುತ್ತಿದ್ದರು, ನಾವು ಅವರ ಕಣ್ಣು ನೋಡುತ್ತಿದ್ದೆವು. ಹಾಗೆಯೇ ಬೆಳೆದೆ.

ಆ ಜಗಲಿಯಲ್ಲಿ ಕೆಲಸ ಮಾಡುತ್ತಿದ್ದವರು ಇಬ್ಬರು. ಒಬ್ಬ ನನ್ನ ಅಣ್ಣ, ಇನ್ನೊಬ್ಬರು ಮನೆಯಳಿಯನಾಗಿ ಬಂದ ನನ್ನ ಗಂಡ. ನನ್ನ ಗಂಡನ ಕೈ ಬಹಳ ಸೂಕ್ಷ್ಮ. ಅದು ಹೇಗೋ ಶ್ರೀರಂಗಪಟ್ಟಣದ ಕೋಟೆಯೊಳಗಿನ ಟಂಕಸಾಲೆಯವರ ಕಿವಿಗೆ ಬಿದ್ದು, ನಾಣ್ಯದ ಅಚ್ಚು ಕೆತ್ತಲು ಅವರನ್ನು ಕರೆಸಿಕೊಂಡರು. ಮನೆಗೊಬ್ಬ ಕೆಲಸಗಾರ ಬರಲೇಬೇಕೆಂದು ಅಪ್ಪಣೆಯಾಗಿತ್ತು. ಇವರು ಹೋಗದಿದ್ದರೆ ಅಣ್ಣ ಹೋಗಬೇಕು. ಒಳಗೆ ಹೋದವರು ಹಬ್ಬಕ್ಕಷ್ಟೇ ಹೊರಗೆ ಬರುತ್ತಿದ್ದರು. ದಿನಾ ಸಂಜೆ ಬಾಯಿ ಮುಕ್ಕಳಿಸಿ, ತಲೆಗೂದಲು ಕೊಡವಿ, ಉಟ್ಟ ಪಂಚೆ ಬಿಚ್ಚಿ ತೋರಿಸಬೇಕಿತ್ತಂತೆ. ಜಗಲಿಯ ಅನುಮಾನವನ್ನು ನಗುತ್ತಲೇ ಸಹಿಸುತ್ತಿದ್ದ ನನ್ನ ಗಂಡನಿಗೆ ಅದನ್ನು ಮಾತ್ರ ತಡೆದುಕೊಳ್ಳಲು ಆಗಲಿಲ್ಲ. ಹಬ್ಬಕ್ಕೆ ಬಂದರೂ ತಟ್ಟೆಯ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದರು.

ಒಂದು ದೀಪಾವಳಿಗೆ ಬರುವಾಗ, ಹಿರೋಡೆ ದಾಟಿದ ಮೇಲೆ ಹೊಣಕೆರೆಯ ದಾರಿಯಲ್ಲಿ, ಕಳ್ಳರು ಕುಡುಗೋಲಿನಿಂದ ಹೊಡೆದರಂತೆ. ಏಟು ಬಿದ್ದದ್ದು ಬಲಗೈಯ ಒಳಮಗ್ಗುಲಿಗೆ, ಮೊಣಕೈಗಿಂತ ತುಸು ಕೆಳಗೆ. ‘ಹೊಡೆದರಂತೆ’ ಎಂದೇ ಬರೆಯುತ್ತೇನೆ, ಯಾಕೆಂದರೆ ಅವರ ಸೊಂಟದಲ್ಲಿದ್ದ ಬೆಳ್ಳಿಯ ಉಡಿದಾರ ಹಾಗೇ ಇತ್ತು.

ಅಣ್ಣ ನನ್ನನ್ನು ಹಿತ್ತಿಲಿಗೆ ಕರೆದು ಕೇಳಿದ. “ಕಳ್ರು ಉಡ್ದಾರ ಬುಟ್ಬುಟ್ಟು ಬರೀ ಕೈ ಕುಯ್ದು ಓಯ್ತಾರಾ? ನೀನೇ ಯೋಳಮ್ಮಿ.”

“ನಾಯಿ ಬೊಗುಳ್ತಂತೆ, ಓಡೋದ್ರಂತೆ,” ಎಂದೆ.

“ಎಡಗೈಲಿ ಕುಡ್ಗೋಲು ಇಡ್ಕಂಡ್ರೆ ಏಟು ಸರ್ಯಾಗಿ ಅಲ್ಲಿಗೇ ಬೀಳ್ತದೆ ಕಣಮ್ಮಿ. ಟಂಕಸಾಲೆ ತಪ್ಪಿಸ್ಕಳಕೆ ಬಾವ ಮಾಡ್ಕಂಡಿರೋ ಕೆಲ್ಸ ಇದು.”

ಅಣ್ಣನ ಬಾಯಿ ಮುಚ್ಚಿಸಿದೆ. ಆದರೆ ಆ ಮಾತು ನನ್ನೊಳಗೆ ಹೊಕ್ಕು ಕೂತಿತು.

ಗಾಯ ಮಾಯಿತು. ಕಿರುಬೆರಳು, ಉಂಗುರದ ಬೆರಳು ಮಾತ್ರ ಮಡಚಿಕೊಂಡು ನಿಂತವು, ಅವುಗಳಿಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಅತ್ತಿಗುಪ್ಪೆಯ ಕಡೆಯ ನಾಟಿ ವೈದ್ಯನೊಬ್ಬ ಸೊಪ್ಪು ಅರೆದು ಕಟ್ಟಿ, ನರ ಸತ್ತಿದೆ, ಸತ್ತದ್ದು ಮತ್ತೆ ಬರುವುದಿಲ್ಲ ಎಂದು ಹೇಳಿ ಹೋದ. ಟಂಕಸಾಲೆಯವರು ಕೈ ನೋಡಿ ಮನೆಗೆ ಕಳಿಸಿದರು, ಅದು ಸರಿಹೋಗದಿದ್ದರೆ ಮುಂದೆ ಅಣ್ಣ ಬರಬೇಕಾಗುತ್ತದೆ ಎಂದೂ ಹೇಳಿದರು. ನಾನು ವೈದ್ಯನನ್ನೂ ನಂಬಲಿಲ್ಲ, ಗಂಡನನ್ನೂ ನಂಬಲಿಲ್ಲ. ಮಧ್ಯಾಹ್ನ ಅವರು ಒರಗಿ ನಿದ್ದೆಹೋದಾಗ ಸೂಜಿ ತಂದು ಕಿರುಬೆರಳಿಗೆ ಚುಚ್ಚಿದೆ. ರಕ್ತದ ಹನಿ ಬಂತು, ಅವರಿಗೆ ಎಚ್ಚರವಾಗಲಿಲ್ಲ. ನಟನೆ ಇದ್ದರೂ ಇರಬಹುದೆಂದು ಇನ್ನೊಂದು ದಿನ ಮತ್ತೆ ಚುಚ್ಚಿದೆ. ಆಮೇಲೊಮ್ಮೆ ಅಗ್ಗಿಷ್ಟಿಕೆಯ ಅಂಚಿಗೆ ಆ ಬೆರಳು ತಾಗಿ ಬೊಬ್ಬೆ ಎದ್ದಿತು. ಅದು ಅವರಿಗೆ ಗೊತ್ತಾದದ್ದು ಊಟಕ್ಕೆ ಕೈ ತೊಳೆಯುವಾಗ. ಆವತ್ತು ಮಾತ್ರ ನಂಬಿದೆ, ಅತ್ತೂಬಿಟ್ಟೆ.

ನನ್ನ ನಂಬಿಕೆ ಸುಗ್ಗಿಯವರೆಗೂ ಬಾಳಲಿಲ್ಲ. ಎಣ್ಣೆ ನೀರು ಹಾಕುವ ದಿನ ನಾನೇ ಆ ಕೈಗೆ ಎಣ್ಣೆ ತೀಡುತ್ತಿದ್ದೆ. ಒಂದು ಸಲ ಗಾಯದ ಕಲೆಯ ಸ್ವಲ್ಪ ಕೆಳಗೆ ಹೆಬ್ಬೆರಳು ಒತ್ತಿದಾಗ ಅವರು ಬೆಚ್ಚಿ, ಒತ್ತಿದ ಜಾಗ ಬಿಟ್ಟು ಕಿರುಬೆರಳನ್ನು ನೋಡಿದರು. ಏನಾಯಿತು ಎಂದೆ. ಏನಿಲ್ಲ ಎಂದರು. ಏನಿಲ್ಲ ಎಂದವರು ಬೆರಳು ಯಾಕೆ ನೋಡಬೇಕು? ಮುಂದಿನ ಸಲ ಬೇಕೆಂದೇ ಅಲ್ಲಿ ಒತ್ತಿದೆ, ಏನೂ ಆಗಲಿಲ್ಲ. ಬೆರಳಗಲ ಕೆಳಗೆ ಒತ್ತಿದೆ, ಬೆಚ್ಚಿದರು. ಮಳೆಗಾಲದ ಹೊತ್ತಿಗೆ ಆ ಜಾಗ ಇನ್ನೂ ಕೆಳಗಿಳಿದು ಮಣಿಕಟ್ಟಿನ ಹತ್ತಿರ ಬಂದಿತ್ತು. ಇರುವೆ ಮನೆ ಬದಲಿಸುವ ಹಾಗೆ ಅದು ದಿನದಿನಕ್ಕೆ ಸರಿಯುತ್ತಿತ್ತು.

ಹಿಡಿದುಕೊಂಡು ಕೇಳಿದಾಗ ಬಾಯಿಬಿಟ್ಟರು. “ಒತ್ತಿದ್ರೆ ಕಿರುಬೆಳ್ಳು ಜುಮ್ಮಂತದೆ ಕಣೆ. ಯಾರ್ಗೂ ಯೋಳ್ಬ್ಯಾಡ. ಪಟ್ಣದೋರ್ಗೆ ಗೊತ್ತಾದ್ರೆ ಎಳ್ಕಂಡೋಯ್ತಾರೆ.”

“ಅಣ್ಣನ್ಗೂ ಬ್ಯಾಡ್ವಾ?”

“ನಿಮ್ಮಣ್ಣನ್ಗೆ ಮೊದ್ಲು ಬ್ಯಾಡ.”

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆದರೆ ನನ್ನಿಂದ ಇಷ್ಟು ದಿನ ಮುಚ್ಚಿಟ್ಟವರು ಇನ್ನೆಷ್ಟು ಮುಚ್ಚಿಟ್ಟಿರಬಹುದೆಂಬ ಹುಳ ಕೊರೆಯತೊಡಗಿತು. ಬೆರಳಿಗೆ ಸ್ಪರ್ಶ ತಿಳಿಯತೊಡಗಿದೆ ಎಂದು ಅವರು ಒಪ್ಪಿಕೊಂಡ ದಿನ ಕಣ್ಣು ಮುಚ್ಚಿಸಿ ಕಿರುಬೆರಳನ್ನು ಹತ್ತಿಯ ಬತ್ತಿಯಿಂದ ಮುಟ್ಟಿದೆ.

“ಉಂಗುರದ ಬೆಳ್ಳು,” ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಕಟ್ಟಿಕೊಂಡ ಹೆಂಡತಿಯನ್ನೇ ಆಟ ಆಡಿಸುತ್ತಿದ್ದಾರೆ ಎಂದುಕೊಂಡೆ. ಸುಳ್ಳನ್ನು ಹಿಡಿಯಲೇಬೇಕೆಂದು ಹಠ ಬಂತು. ಹುಲ್ಲುಕಡ್ಡಿ ತಂದೆ, ತಣ್ಣನೆಯ ಚೊಂಬು ತಾಗಿಸಿದೆ, ಮಾತಿನ ಮಧ್ಯೆ ಥಟ್ಟನೆ ಚಿವುಟಿದೆ. ಬೇರೆ ಬೆರಳುಗಳನ್ನು ಮುಟ್ಟಿದರೆ ಸರಿಯಾಗಿ ಹೇಳುತ್ತಿದ್ದರು. ಕಿರುಬೆರಳನ್ನು ಮುಟ್ಟಿದರೆ ಮಾತ್ರ, ಯಾವತ್ತು ಮುಟ್ಟಿದರೂ, ಉಂಗುರದ ಬೆರಳು. ಅದೇ ತಪ್ಪು, ಪ್ರತಿ ಸಲವೂ ಅದೇ. ನನಗೆ ತಲೆ ಕೆಟ್ಟುಹೋಯಿತು.

ಹೀಗಿರುವಾಗ ಟಂಕಸಾಲೆಯ ಉಸ್ತುವಾರಿ ನೋಡುವ ದರೋಗರು ಇಬ್ಬರು ಆಳುಗಳೊಂದಿಗೆ ನಮ್ಮ ಜಗಲಿಗೇ ಬಂದರು. ಅಣ್ಣನೇ ಹೇಳಿ ಕಳಿಸಿದ್ದನೆಂದು ನನಗೆ ಅನುಮಾನ, ಇವತ್ತಿಗೂ ಇದೆ. ಅವನು ಆ ದಿನ ಒಗೆದ ಪಂಚೆ ಉಟ್ಟುಕೊಂಡಿದ್ದ. ನಾನು ಬಾಗಿಲ ಹಿಂದೆ ನಿಂತೆ.

ದರೋಗ ಒರಟು ಮನುಷ್ಯರಲ್ಲ. ನನ್ನ ಗಂಡನ ಕಣ್ಣಿಗೆ ಬಟ್ಟೆ ಕಟ್ಟಿಸಿ, ಸೂಜಿ ಹಿಡಿದು, “ಯಾವ ಬೆರಳು ಅಂತ ತಿಳಿದರೆ ಹೇಳು, ತಿಳಿಯದಿದ್ದರೆ ಸುಮ್ಮನಿರು,” ಎಂದರು. ಹೆಬ್ಬೆರಳು, ತೋರುಬೆರಳು ಸರಿಯಾದವು. ಕಿರುಬೆರಳಿಗೆ ಚುಚ್ಚಿದಾಗ ನನ್ನ ಗಂಡ ಸುಮ್ಮನಿರಬೇಕಿತ್ತು. ನೋವಿಗೆ ಬಾಯಿತಪ್ಪಿ ಬಂದುಬಿಟ್ಟಿತು. “ಉಂಗುರದ್ದು.”

ದರೋಗ ಸೂಜಿ ಕೆಳಗಿಟ್ಟರು. “ಸತ್ತ ಬೆರಳು ಮಾತಾಡುವುದಿಲ್ಲ. ಬದುಕಿರುವ ಬೆರಳು ತನ್ನ ಹೆಸರು ಹೇಳುತ್ತದೆ. ಇದು ಬೇಕೆಂದೇ ಪಕ್ಕದ ಹೆಸರು ಹೇಳುತ್ತಿದೆ. ಸರ್ಕಾರದ ಕೆಲಸಕ್ಕೆ ಸುಳ್ಳು ಹೇಳುವ ಕೈ ಇದ್ದರೇನು, ಇಲ್ಲದಿದ್ದರೇನು? ತೆಗೆಸಿಬಿಡುತ್ತೇನೆ.”

ಅವರು ಗಟ್ಟಿಯಾಗಿಯೂ ಹೇಳಲಿಲ್ಲ. ಆಳುಗಳು ನನ್ನ ಗಂಡನ ತೋಳು ಹಿಡಿದುಕೊಂಡರು. ಕೊಟ್ಟ ಮಾತು ನೆನಪಿತ್ತು. ಆದರೂ ಹೊಸ್ತಿಲು ದಾಟಿ ಹೊರಗೆ ಬಂದೆ.

“ಬುದ್ಧಿ, ಅವರ್ದು ಸುಳ್ಳಲ್ಲ. ನಾನು ನಂಬ್ದೆ ತಿಂಗ್ಳಾನುಗಟ್ಲೆ ನೋಡಿವ್ನಿ. ಕಡ್ಡೀಲಿ ಮುಟ್ಟಿ, ಸೂಜೀಲಿ ಮುಟ್ಟಿ, ಕಿರುಬೆಳ್ಳು ಮುಟ್ಟಿದ್ರೆ ಉಂಗುರದ್ದೇ ಅಂತಾರೆ. ಸುಳ್ಳು ಯೋಳೋರು ಒಂದ್ಕಿತ ಇದು ಅಂತಾರೆ, ಒಂದ್ಕಿತ ಅದು ಅಂತಾರೆ. ಇವರು ಯಾವತ್ತೂ ಬದಲಾಯಿಸ್ನಿಲ್ಲ. ಎಂಗೆ ಬೇಕಾದ್ರೂ ಹಿಂದೆ ಮುಂದೆ ಮಾಡಿ ನೋಡಿ. ಗಾಯದಿಂದ ನರ ಒಸ್ದಾಗಿ ಇಳ್ಕಂಡು ಬತ್ತಾ ಐತೆ. ದಾರಿ ತಪ್ಪಿ ಪಕ್ಕದ ಮನೆ ಒಕ್ಕಬುಟ್ಟದೆ, ಅಷ್ಟೇಯ.”

ದರೋಗ ಮತ್ತೆ ಸೂಜಿ ತೆಗೆದುಕೊಂಡು ಬೆರಳುಗಳನ್ನು ಹಿಂದುಮುಂದು ಮಾಡಿ ಚುಚ್ಚುತ್ತಾ ಹೋದರು. ನಡುವೆ ಎದ್ದು ಹೋಗಿ ಬಂದು ಮತ್ತೆ ಚುಚ್ಚಿದರು. ಕಿರುಬೆರಳು ಪ್ರತಿ ಸಲವೂ ಉಂಗುರದ ಬೆರಳೆಂದೇ ಹೇಳಿತು. ಆಳುಗಳು ತೋಳು ಬಿಟ್ಟರು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

“ಸುಳ್ಳಲ್ಲ,” ಎಂದರು ದರೋಗ, ಮೇಲೇಳುತ್ತಾ. “ನರ ಬರುತ್ತಿದೆ ಅಂದಮೇಲೆ ಕೈಯೂ ಬರುತ್ತದೆ. ಯುಗಾದಿ ಮುಗಿಸಿಕೊಂಡು ಟಂಕಸಾಲೆಗೆ ಬಾ.”

ಅಣ್ಣ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅವನು ದರೋಗರನ್ನು ಬೀದಿಯ ಕೊನೆಯವರೆಗೂ ಕಳಿಸಿಕೊಡಲು ಹೋದ.

ನನ್ನ ಗಂಡ ಕಣ್ಣಿನ ಬಟ್ಟೆಯನ್ನು ತಾವೇ ಬಿಚ್ಚಿಕೊಂಡರು. ಕೈ ಉಳಿಯಿತಲ್ಲ ಎಂದು ಹತ್ತಿರ ಹೋದೆ. ಅವರು ನನ್ನ ಮುಖವನ್ನು, ನಮ್ಮ ಜಗಲಿಯಲ್ಲಿ ಗಿರಾಕಿಗಳು ಚಿನ್ನವನ್ನು ನೋಡುತ್ತಿದ್ದಂತೆ ನೋಡಿದರು.

“ನಿಮ್ಮಣ್ಣ ಉಳ್ಕಂಡ. ಇದ್ನ ಅವನೇ ಯೋಳ್ಕೊಟ್ನಾ, ಇಲ್ಲ ನೀನೇ ಯೋಚ್ನೆ ಮಾಡಿದ್ದಾ?”

ನಿಮ್ಮ ಕೈಗೋಸ್ಕರ ಬಾಯಿಬಿಟ್ಟೆ, ಅಣ್ಣನಿಗೋಸ್ಕರ ಅಲ್ಲ ಎಂದೆ. ದೇವರ ಮೇಲೆ ಆಣೆ ಮಾಡಿದೆ, ತಾಳಿ ಮುಟ್ಟಿ ಆಣೆ ಮಾಡಿದೆ. ಹಾಗೆ ಆಣೆ ಮಾಡುವವರನ್ನು ನಾನು ಜೀವಮಾನದಲ್ಲಿ ಒಂದು ಸಲವೂ ನಂಬಿದವಳಲ್ಲ, ಅದು ಅವರಿಗೂ ಗೊತ್ತಿತ್ತು.